ನಕಲಿ ಅನ್ನಬೇಡಿ, ಬಿದ್ದವನ ಹೆಸರೂ ಹಾಕಿ

ಸಂಪಾದಕರಿಗೆ ನಮಸ್ಕಾರ.

ಅಮೆರಿಕದ ಕುಸ್ತಿ ತಾರೆ ಹಲ್ಕ್ ಹೋಗನ್ ತೀರಿಕೊಂಡ ಸುದ್ದಿಯನ್ನು ನಿಮ್ಮ ಕ್ರೀಡಾಪುಟದಲ್ಲಿ ಓದಿದೆ. ಕೆಳಗಡೆ ಮೂಲೆಯಲ್ಲಿ, ಟೈರ್ ಜಾಹೀರಾತಿನ ಪಕ್ಕ, ಆರು ಸಾಲು ಮತ್ತು ಒಂದು ಫೋಟೋ. ಜಾಗ ಕಮ್ಮಿ ಆಯ್ತು ಅಂತ ನಾನು ಜಗಳಕ್ಕೆ ಬಂದಿಲ್ಲ. ಫ್ಲೋರಿಡಾದ ಕ್ಲಿಯರ್‌ವಾಟರ್ ಅನ್ನುವ ಊರಿನಲ್ಲಿ 71 ವರ್ಷದ ಒಬ್ಬ ದೊಡ್ಡ ಮೀಸೆಯ ಮನುಷ್ಯನಿಗೆ ಹೃದಯಾಘಾತವಾದರೆ, ಕೆಆರ್‌ಎಸ್ ನೀರಿನ ಮಟ್ಟ ಬಿಟ್ಟು ಅದನ್ನೇ ಮುಖಪುಟಕ್ಕೆ ಹಾಕಿ ಅಂತ ಯಾರು ಹೇಳುತ್ತಾರೆ? ನನ್ನ ತಕರಾರು ಒಂದೇ ಒಂದು ಪದದ ಮೇಲೆ. ತಲೆಬರಹದಲ್ಲಿ 'ನಕಲಿ ಕುಸ್ತಿಯ ತಾರೆ' ಅಂತ ಹಾಕಿದ್ದೀರಿ. ಆ 'ನಕಲಿ' ಎರಡು ದಿನದಿಂದ ಹಲ್ಲಿನ ಸಂದಿಗೆ ಸಿಕ್ಕ ಅಡಿಕೆ ಚೂರಿನ ಹಾಗೆ ಕಾಡುತ್ತಿದೆ. ಅದಕ್ಕೇ ಈ ಪತ್ರ. ಉದ್ದ ಆಗುತ್ತದೆ. ಎಲ್ಲಿ ಬೇಕಾದರೂ ಕತ್ತರಿ ಹಾಕಿ, ನನ್ನ ತಾತನ ಭಾಗಕ್ಕೆ ಮಾತ್ರ ಕೈ ಹಚ್ಚಬೇಡಿ.

2025ರ ಜುಲೈ 24, ಗುರುವಾರ ರಾತ್ರಿ. ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ನಮ್ಮ ಹೈಸ್ಕೂಲ್ ಗೆಳೆಯರ ವಾಟ್ಸ್‌ಆ್ಯಪ್ ಗುಂಪು ಟಿಣ್ ಟಿಣ್ ಅನ್ನತೊಡಗಿತು. ಮಾಮೂಲಿಯಾಗಿ ಅಲ್ಲಿ ಗುಡ್ ಮಾರ್ನಿಂಗ್ ಹೂವು, ಸೈಟು ಮಾರಾಟಕ್ಕಿದೆ, ಯಾರದೋ ಮಗಳ ಪಿಯುಸಿ ಮಾರ್ಕ್ಸು, ಇಷ್ಟೇ. ಅವತ್ತು ವರ್ಷಗಟ್ಟಲೆ ಬಾಯಿಬಿಡದವರೆಲ್ಲ ಎದ್ದು ಕೂತರು. ಒಬ್ಬ ಮಂಚದ ಮೇಲಿಂದ ಹಾರಿ ತಮ್ಮನ ಮೇಲೆ ಲೆಗ್ ಡ್ರಾಪ್ ಅನ್ನುವ ಹೋಗನ್ನನ ಪಟ್ಟು ಹಾಕಿ ಅವನ ಕೊರಳಿನ ಮೂಳೆ ಮುರಿದದ್ದನ್ನು ಬರೆದ. ಆ ತಮ್ಮನೂ ಅದೇ ಗುಂಪಿನಲ್ಲಿದ್ದಾನೆ, 'ಇನ್ನೂ ಚಳಿಗಾಲದಲ್ಲಿ ನೋಯುತ್ತೆ ಕಣೋ' ಅಂತ ಉತ್ತರ ಕೊಟ್ಟ. ಇನ್ನೊಬ್ಬ ಅಂಡರ್‌ಟೇಕರ್ ಅನ್ನುವ ಕುಸ್ತಿಪಟು ಏಳು ಸಲ ಸತ್ತು ಬದುಕಿದ್ದಾನೆ ಎಂದು ನಮ್ಮೆಲ್ಲರಿಗೂ ಆಣೆ ಹಾಕಿ ಹೇಳಿದವನು. ಅವನು ಈಗ ಮಕ್ಕಳ ಡಾಕ್ಟರ್. ಅಮೆರಿಕದಲ್ಲಿರುವ ಗೆಳೆಯ, 'ಇಲ್ಲಿ ನಮ್ಮ ಆಫೀಸಿನಲ್ಲಿ ಅರ್ಧ ಜನ ಶ್ರದ್ಧಾಂಜಲಿ ಹಾಕಿದ್ದಾರೆ, ಇನ್ನರ್ಧ ಜನ ಮಾತೇ ಆಡುತ್ತಿಲ್ಲ' ಅಂದ. ಆ ಇನ್ನರ್ಧ ಜನದ ವಿಷಯಕ್ಕೆ ಆಮೇಲೆ ಬರುತ್ತೇನೆ.

ನನ್ನ ಪಾಲಿನ ನೆನಪು ಬನಿಯನ್ನಿನದು. ಹೋಗನ್ ರಿಂಗಿಗೆ ಬಂದು ಹಳದಿ ಟೀ ಶರ್ಟನ್ನು ಎದೆಯ ಹತ್ತಿರ ಎರಡೂ ಕೈಯಲ್ಲಿ ಹಿಡಿದು ಪರ್ ಅಂತ ಹರಿಯುತ್ತಿದ್ದ. ನಾನೂ ದಸರಾಗೆ ಅಂತ ತಂದ ಹೊಸ ಬನಿಯನ್ ಹಾಕಿಕೊಂಡು, ಕನ್ನಡಿ ಮುಂದೆ ನಿಂತು, ಹಲ್ಲು ಕಚ್ಚಿ ಎಳೆದೆ. ನಮ್ಮ ಬನಿಯನ್ ಹರಿಯುವ ಜಾತಿಯದಲ್ಲ, ಹಿಗ್ಗುವ ಜಾತಿಯದು. ಎಳೆದಷ್ಟೂ ಕತ್ತು ಅಗಲವಾಗಿ ಕೊನೆಗೆ ಎರಡೂ ಭುಜದಿಂದ ಜಾರಿ ಸೊಂಟಕ್ಕೆ ಬಂತು. ಛಲ ಬಿಡದೆ ಅಪ್ಪನ ಶೇವಿಂಗ್ ಬ್ಲೇಡ್ ತಂದು ಕುತ್ತಿಗೆಯ ಪಟ್ಟಿಗೆ ಸಣ್ಣಗೆ ಒಂದು ಗೀರು ಹಾಕಿದೆ. ಈ ಸಲ ಒಂದೇ ಏಟಿಗೆ ಹೊಕ್ಕುಳ ತನಕ ಬಂತು. ಅಮ್ಮ ಕೊಟ್ಟ ಏಟು ಬೇರೆ ಲೆಕ್ಕ. ಎಷ್ಟೋ ವರ್ಷ ಆದ ಮೇಲೆ ಗೊತ್ತಾಯಿತು, ಹೋಗನ್ನನ ಶರ್ಟಿಗೂ ಮೊದಲೇ ಕತ್ತರಿ ತಾಗಿಸಿರುತ್ತಿದ್ದರಂತೆ. ಅದನ್ನು ಓದಿದಾಗ ಮೋಸ ಹೋದೆ ಅಂತ ಅನ್ನಿಸಲಿಲ್ಲ. ಹನ್ನೊಂದನೇ ವಯಸ್ಸಿಗೇ ನಾನು ಸರಿಯಾದ ದಾರಿಯಲ್ಲಿದ್ದೆ ಅಂತ ಖುಷಿಯಾಯಿತು.

ಇನ್ನೊಂದು ಸತ್ಯ ಒಪ್ಪಿಕೊಳ್ಳಬೇಕು. ನಮ್ಮ ಬೀದಿಗೆ ಕೇಬಲ್ ಬಂದು, ಬ್ರೆಟ್ ಹಾರ್ಟ್, ಯೋಕೊಜುನಾ, ರೇಜರ್ ರಾಮೋನ್ ಅನ್ನುವ ಕುಸ್ತಿಪಟುಗಳೆಲ್ಲ ಮನೆಮಾತಾಗುವ ಹೊತ್ತಿಗೆ ಹೋಗನ್ ಈ ಕುಸ್ತಿ ನಡೆಸುವ ಡಬ್ಲ್ಯುಡಬ್ಲ್ಯುಎಫ್ ಕಂಪನಿಯಿಂದಲೇ ಹೊರಟಿದ್ದ. 1993ರ ಜೂನ್‌ನಲ್ಲಿ ಯೋಕೊಜುನಾ ಕೈಯಲ್ಲಿ ಸೋತು ಚಾಂಪಿಯನ್ ಬೆಲ್ಟ್ ಬಿಟ್ಟು ಹೋದವನು. ಅಂದರೆ ನಾವು ಹೋಗನ್ನನನ್ನು ಟಿವಿಯಲ್ಲಿ ನೋಡಿದ್ದಕ್ಕಿಂತ ಕ್ಯಾಸೆಟ್ಟಿನಲ್ಲಿ ಮತ್ತು ಟ್ರಂಪ್ ಕಾರ್ಡಿನಲ್ಲಿ ನೋಡಿದ್ದೇ ಜಾಸ್ತಿ. ಟ್ರಂಪ್ ಕಾರ್ಡ್ ಗೊತ್ತಲ್ವಾ? ಒಬ್ಬೊಬ್ಬ ಕುಸ್ತಿಪಟುವಿನ ಲೆಕ್ಕ ಅಚ್ಚಾದ ಆಟದ ಕಾರ್ಡು. ರ್‍ಯಾಂಕ್, ಎತ್ತರ, ತೂಕ, ಎದೆ, ತೋಳು, ಆಡಿದ ಪಂದ್ಯ, ಗೆದ್ದ ಪಂದ್ಯ. ಎತ್ತರ ಅಂದರೆ ಜೈಂಟ್ ಗೊಂಜಾಲೆಸ್ ಬಂದು ಎಲ್ಲರನ್ನೂ ಹೊಡೆದುಕೊಂಡು ಹೋಗುತ್ತಿದ್ದ. ತೂಕ ಅಂದರೆ ಯೋಕೊಜುನಾ. ಸ್ಕೂಲಿನ ಹಿಂದಿನ ಹೊಂಗೆ ಮರದ ಕೆಳಗೆ ಇದಕ್ಕಾಗಿ ಎಷ್ಟು ಜಗಳ, ಎಷ್ಟು ಕಾಂಪಾಸ್ ಬಾಕ್ಸ್ ಕೈ ಬದಲಾಗಿವೆಯೋ ಲೆಕ್ಕ ಇಲ್ಲ. ಆ ಕಾರ್ಡಿನಲ್ಲಿ ಗೆದ್ದ ಪಂದ್ಯಕ್ಕೆ ಜಾಗ ಇತ್ತು. ಯಾರಿಗಾಗಿ ಎಷ್ಟು ಸಲ ಬಿದ್ದ ಅನ್ನುವುದಕ್ಕೆ ಜಾಗ ಇರಲಿಲ್ಲ.

ಈಗ ತಾತ.

ನಮ್ಮ ತಾತ ಮೈಸೂರಿನ ಹಳೇ ಗರಡಿಯವರು. ಎಡಗಿವಿ ಒಣಗಿದ ಅಂಜೂರದ ಹಾಗೆ ಮುದುರಿಕೊಂಡಿತ್ತು. ಅದು ಮಟ್ಟಿಯಲ್ಲಿ ತಲೆ ಒರೆಸಿ ಒರೆಸಿ ಆದದ್ದು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಸಾಮು ಮಾಡಿ ಬೆಳೆದವರು, ದಸರಾ ಕುಸ್ತಿಗೆ ಜೋಡಿ ಕಟ್ಟುವ ದಿನ ತಪ್ಪದೆ ಹೋಗಿ ಕೂರುವವರು, ವಿಜಯದಶಮಿಯ ದಿನ ಅರಮನೆ ಅಂಗಳದ ವಜ್ರಮುಷ್ಟಿ ಕಾಳಗವನ್ನು ಜನರ ಭುಜದ ಸಂದಿಯಿಂದ ಎಷ್ಟೋ ವರ್ಷ ನೋಡಿದವರು. ಅಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳಿಬ್ಬರು ಕಾದಾಡಿ ಒಬ್ಬನ ತಲೆಯಲ್ಲಿ ರಕ್ತ ಕಂಡ ತಕ್ಷಣ ಕಾಳಗ ಮುಗಿಯುತ್ತದೆ, ಆಮೇಲೆ ಜಂಬೂಸವಾರಿ. ಇಂಥವರ ಮನೆಯಲ್ಲಿ ಮೊಮ್ಮಕ್ಕಳು ಚಡ್ಡಿ ಮೇಲೆ ಚಡ್ಡಿ ಹಾಕಿದ ಬಿಳಿ ಜನರ ಗುದ್ದಾಟ ನೋಡಿಕೊಂಡು ಕಿರುಚುತ್ತಿದ್ದರೆ ಅವರ ಮುಖ ಹೇಗಿರಬೇಡ. 'ಥೂ, ಇದೇನು ಕುಸ್ತಿನೇನೋ, ಹೆಂಗಸರ ಥರ ಕೂದಲು ಬಿಟ್ಕಂಡು' ಅಂತ ಎದ್ದು ಹೊರಗೆ ಹೋಗಿ ಬೀಡಿ ಹಚ್ಚುತ್ತಿದ್ದರು.

ಒಂದು ಬೇಸಿಗೆ ರಜೆಯಲ್ಲಿ ವಿಡಿಯೋ ಲೈಬ್ರರಿಯಿಂದ ಹತ್ತು ರೂಪಾಯಿ ಬಾಡಿಗೆಗೆ ಒಂದು ಕ್ಯಾಸೆಟ್ ತಂದೆವು. ರೆಸಲ್‌ಮೇನಿಯಾ ಮೂರು, ಅಂದರೆ ಆ ಕಂಪನಿಯ ವರ್ಷಕ್ಕೊಮ್ಮೆಯ ದೊಡ್ಡ ಮೇಳದ ಮೂರನೆಯದು. 1987ರ ಮಾರ್ಚ್ 29, ಮಿಷಿಗನ್ ರಾಜ್ಯದ ಪಾಂಟಿಯಾಕ್ ಸಿಲ್ವರ್‌ಡೋಮ್. ಹೋಗನ್ ಎದುರು ಆಂಡ್ರೆ ದಿ ಜೈಂಟ್. ಕಂಪನಿ ಹೇಳಿದ ಲೆಕ್ಕದಲ್ಲಿ ಅವತ್ತು 93,173 ಜನ ಸೇರಿದ್ದರು. ಆ ಲೆಕ್ಕ ಉಬ್ಬಿಸಿದ್ದು, ನಿಜವಾಗಿ 78 ಸಾವಿರದ ಆಸುಪಾಸು ಅಂತ ವಾದ ಮಾಡುವವರು ಇವತ್ತಿಗೂ ಇದ್ದಾರೆ. ಇರಲಿ, ನಮ್ಮ ರಾಜಕೀಯ ಸಭೆಗಳ ಲೆಕ್ಕಕ್ಕೆ ಹೋಲಿಸಿದರೆ ಇದು ಹರಿಶ್ಚಂದ್ರನ ಲೆಕ್ಕ. ಆಂಡ್ರೆ ಫ್ರಾನ್ಸ್ ದೇಶದವನು. ಏಳು ಅಡಿ ನಾಲ್ಕು ಇಂಚು, 520 ಪೌಂಡು, ಅಂದರೆ ಹೆಚ್ಚುಕಮ್ಮಿ 236 ಕಿಲೋ ಎಂದು ಘೋಷಿಸುತ್ತಿದ್ದರು. ಹದಿನೈದು ವರ್ಷ ಸೋತೇ ಇಲ್ಲ, ಯಾರೂ ಎತ್ತಿ ಕೆಡವಿಲ್ಲ ಅಂತ ಪ್ರಚಾರ. ಪ್ರಚಾರ ಸುಳ್ಳು. 1980ರಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಇದೇ ಹೋಗನ್ ಇದೇ ಆಂಡ್ರೆಯನ್ನು ಎತ್ತಿ ಹಾಕಿದ್ದ. ನಮಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು.

ಪಂದ್ಯ ಹನ್ನೆರಡು ನಿಮಿಷದ ಹತ್ತಿರ. ಶುರುವಿನಲ್ಲೇ ಹೋಗನ್ ಎತ್ತಲು ಹೋಗಿ ಬೆನ್ನು ಕುಸಿದು ಅಡಿಗೆ ಬೀಳುತ್ತಾನೆ, ಆಂಡ್ರೆ ಅವನ ಮೇಲೆ ಬೀಳುತ್ತಾನೆ. ಮೂರು ಎಣಿಸಿಯೇ ಬಿಟ್ಟರು ಅನ್ನುವಷ್ಟರಲ್ಲಿ ಭುಜ ಎತ್ತುತ್ತಾನೆ. ಆಮೇಲೆ ಅಪ್ಪುಗೆಯಲ್ಲಿ ಹಿಂಡುತ್ತಾ ನಿಂತ ಆ ಉದ್ದನೆಯ ನಿಮಿಷಗಳು. ಕೊನೆಗೆ ಹೋಗನ್ ಕಿವಿ ಕೆಂಪಗೆ ಮಾಡಿಕೊಂಡು, ಆ ಗುಡ್ಡವನ್ನು ಎತ್ತಿ, ಒಂದು ಅರೆಕ್ಷಣ ಅಡ್ಡಲಾಗಿ ಹಿಡಿದು, ಕೆಡವಿದ. ನಾವು ಐದೂ ಜನ ಸೋಫಾ ಮೇಲೆ ನಿಂತು ಬೊಬ್ಬೆ ಹೊಡೆದೆವು. ಬಾಗಿಲ ಹತ್ತಿರ ತಾತ ನಿಂತಿದ್ದು ಆಗ ನೋಡಿದ್ದು. ಬೀಡಿ ಕೈಯಲ್ಲೇ ಇತ್ತು, ಹಚ್ಚಿರಲಿಲ್ಲ. 'ಇನ್ನೊಂದ್ ಸಲ ಹಾಕು' ಅಂದರು.

ಹಿಂದಕ್ಕೆ ಓಡಿಸಿ ಹಾಕಿದೆ. ಮತ್ತೊಮ್ಮೆ ಅಂದರು. ಮೂರನೇ ಸಲ ಟಿವಿ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತರು. ಆಂಡ್ರೆಯ ಕಾಲಿನ ಕಡೆ ಬೆರಳು ತೋರಿಸಿ, 'ನೋಡು, ಆ ದೊಡ್ಡೋನು ತಾನೇ ಮೀಟಿ ಕೊಟ್ಟ. ಅವನು ಒಲ್ಲೆ ಅಂದಿದ್ರೆ ಇವನ ಸೊಂಟ ಅಲ್ಲೇ ಮುರೀತಿತ್ತು. ಎತ್ತಿದೋನಲ್ಲ ಕಣೋ, ಎತ್ತಿಸ್ಕಂಡೋನು ಪೈಲ್ವಾನ' ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, 'ಅವನಿಗೆ ಬೆನ್ನು ಸರಿ ಇಲ್ಲ. ನಡಿಗೇಲೇ ಗೊತ್ತಾಗುತ್ತೆ' ಅಂದರು.

ನನಗೆ ಹೊಳೆದದ್ದು ಇಪ್ಪತ್ತು ವರ್ಷದ ಮೇಲೆ, ಇಂಟರ್‌ನೆಟ್ ಬಂದ ಮೇಲೆ. ಆಂಡ್ರೆಗೆ ಹಿಂದಿನ ವರ್ಷವಷ್ಟೇ ಬೆನ್ನಿನ ಆಪರೇಷನ್ ಆಗಿತ್ತು. ಆ ಕಪ್ಪು ಉಡುಪಿನ ಒಳಗೆ ಬೆನ್ನುಪಟ್ಟಿ ಕಟ್ಟಿಕೊಂಡಿದ್ದ. ಅವನ ಆ ಗಾತ್ರವೇ ಒಂದು ಕಾಯಿಲೆ. ಗ್ರಂಥಿಯ ತೊಂದರೆಯಿಂದ ಮೂಳೆ ಬೆಳೆಯುವುದು ನಿಲ್ಲದ ಕಾಯಿಲೆ. ನಿಲ್ಲಲು ಕಷ್ಟಪಡುವ ಮನುಷ್ಯ ಅಷ್ಟೊಂದು ಜನರ ಮುಂದೆ ಬಂದು, ಇನ್ನೊಬ್ಬನನ್ನು ದೊಡ್ಡವನನ್ನಾಗಿ ಮಾಡಲಿಕ್ಕೆ, ಮುರಿದ ಬೆನ್ನಿನ ಮೇಲೆ ಬಿದ್ದು ಕೊಟ್ಟು ಹೋದ. 1993ರ ಜನವರಿಯಲ್ಲಿ, ಅಪ್ಪನ ಅಂತ್ಯಕ್ರಿಯೆಗೆ ಅಂತ ಊರಿಗೆ ಹೋದವನು ಪ್ಯಾರಿಸ್ಸಿನ ಹೋಟೆಲ್ ಕೋಣೆಯಲ್ಲಿ ಸತ್ತ. 46 ವರ್ಷ. ನೀವು ಇದಕ್ಕೆ ನಕಲಿ ಅಂತೀರಿ. ಏಳನೇ ಕ್ಲಾಸೂ ಓದದ ನಮ್ಮ ತಾತ ಕ್ಯಾಸೆಟ್ ಮೂರು ಸಲ ಹಾಕಿ ನೋಡಿ ಅಷ್ಟನ್ನೂ ಕಂಡುಹಿಡಿದರು.

ಯಾರು ಗೆಲ್ಲಬೇಕು ಅನ್ನುವುದು ಮೊದಲೇ ನಿಶ್ಚಯ, ಹೌದು. ಇದೇನು ಹೊಸ ಸುದ್ದಿಯೂ ಅಲ್ಲ. ಆ ಕಂಪನಿಯೇ 1989ರಲ್ಲಿ ನ್ಯೂಜೆರ್ಸಿ ರಾಜ್ಯದ ಮುಂದೆ ಹೋಗಿ, ನಮ್ಮದು ಸ್ಪರ್ಧೆಯಲ್ಲ, ಮನರಂಜನೆ ಅಂತ ಒಪ್ಪಿಕೊಂಡಿದೆ. ಕ್ರೀಡಾ ಆಯೋಗದ ಕಟ್ಟುಪಾಡು, ತೆರಿಗೆ ತಪ್ಪಿಸಿಕೊಳ್ಳುವುದಕ್ಕೆ. 36 ವರ್ಷದ ಹಿಂದೆ ಅವರೇ ಒಪ್ಪಿಕೊಂಡದ್ದನ್ನು ನೀವು ಈಗ ಪತ್ತೆ ಮಾಡಿದವರ ಹಾಗೆ ಬರೆದರೆ ಹೇಗೆ?

ನೆಲ ಮಾತ್ರ ನಿಶ್ಚಯದ ಪ್ರಕಾರ ಮೆತ್ತಗಾಗುವುದಿಲ್ಲ. ಆ ರಿಂಗು ಅಂದರೆ ಕಬ್ಬಿಣದ ಚೌಕಟ್ಟು, ಅದರ ಮೇಲೆ ಹಲಗೆ, ಹಲಗೆ ಮೇಲೆ ತೆಳ್ಳನೆಯ ಫೋಮು, ಮೇಲೊಂದು ಕ್ಯಾನ್ವಾಸ್. ಗರಡಿಯ ಮಟ್ಟಿ ಇದಕ್ಕಿಂತ ಮೆತ್ತಗಿರುತ್ತದೆ. ಅಗೆದು, ಜರಡಿ ಹಿಡಿದು, ಎಣ್ಣೆ ಅರಿಶಿನ ಬೆರೆಸಿದ ಮಣ್ಣು ಅದು. ಗದ್ದ ಎದೆಗೊತ್ತಿ, ಬೆನ್ನು ಅಗಲ ಮಾಡಿ, ಎರಡೂ ಕೈ ಚಪ್ಪಟೆ ಬಡಿದು ಬೀಳುವುದನ್ನು ಕಲಿಯಲಿಕ್ಕೇ ತಿಂಗಳುಗಟ್ಟಲೆ ಬೇಕು. ಹೋಗನ್ನನಿಗೆ ಇದನ್ನು ಕಲಿಸಿದ ಗುರು ಜಪಾನಿನ ಹಿರೋ ಮತ್ಸುದಾ. ಅಲ್ಲಿಯ ತನಕ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ಬಾರಿಸಿಕೊಂಡಿದ್ದ ಹುಡುಗ, ಅಸಲಿ ಹೆಸರು ಟೆರ್ರಿ ಬೊಲಿಯಾ. ಮೊದಲ ದಿನವೇ ಗುರು ತನ್ನ ಕಾಲು ಮುರಿದು ಕಳಿಸಿದ ಅಂತ ಅವನೇ ಹೇಳುತ್ತಿದ್ದ. ವಾಸಿಯಾದ ಮೇಲೆ ಮತ್ತೆ ಹೋದ. ಅವನ ಪ್ರಸಿದ್ಧ ಲೆಗ್ ಡ್ರಾಪ್ ಯೋಚಿಸಿ ನೋಡಿ. ಮೇಲಕ್ಕೆ ಹಾರಿ ಎದುರಾಳಿಯ ಕತ್ತಿನ ಮೇಲೆ ಕಾಲು ಹಾಕುವುದು. ಕಾಲು ಹಗುರವಾಗಿ ತಾಗುತ್ತದೆ, ಅದು ಕಸುಬು. ಆದರೆ ನೂರ ಮೂವತ್ತು ಕಿಲೋ ಮೈ ಇಳಿಯುವುದು ಅವನದೇ ಕುಂಡಿಯ ಮೇಲೆ, ಹಲಗೆಗೆ, ಪ್ರತಿ ರಾತ್ರಿ, ವರ್ಷಾನುಗಟ್ಟಲೆ. ಕೊನೆಕೊನೆಗೆ ಸೊಂಟದ ಕೀಲು, ಮಂಡಿ ಎಲ್ಲ ಬದಲಾಯಿಸಿ, ಬೆನ್ನಿಗೆ ಮೇಲಿಂದ ಮೇಲೆ ಆಪರೇಷನ್ ಆಗಿ, ಎತ್ತರವೇ ಎರಡು ಮೂರು ಇಂಚು ಇಳಿದಿದೆ ಅಂತ ಅವನೇ ಹೇಳಿಕೊಂಡು ತಿರುಗುತ್ತಿದ್ದ.

ರಕ್ತದ ವಿಷಯ ಕೇಳಿದರೆ ನೀವು ಬೆಚ್ಚಿಬೀಳುತ್ತೀರಿ. ಕೆಚಪ್ ಅಂತ ನಾವು ವಾದ ಮಾಡುತ್ತಿದ್ದೆವು. ಕೆಚಪ್ ಅಲ್ಲ. ಮಣಿಕಟ್ಟಿನ ಟೇಪಿನಲ್ಲಿ ಬ್ಲೇಡಿನ ಒಂದು ಚೂರು ಅಡಗಿಸಿಟ್ಟುಕೊಂಡು, ಏಟು ತಿಂದ ಹಾಗೆ ಮುಖ ಮುಚ್ಚಿಕೊಂಡಾಗ, ತನ್ನ ಹಣೆಯನ್ನು ತಾನೇ ಗೀರಿಕೊಳ್ಳುತ್ತಿದ್ದರು. ಬೆವರು ಸೇರಿದರೆ ಮುಖವೆಲ್ಲ ಕೆಂಪು. ಆ ಕಾಲದ ಇನ್ನೊಬ್ಬ ತಾರೆ ರಿಕ್ ಫ್ಲೇರ್‌ನ ಹಣೆಯನ್ನು ಹತ್ತಿರದಿಂದ ತೆಗೆದ ಫೋಟೋ ಸಿಕ್ಕರೆ ನೋಡಿ, ಉತ್ತ ಹೊಲದ ಹಾಗಿದೆ. ಇದನ್ನು ತಾತನಿಗೆ ಹೇಳಬೇಕಿತ್ತು. ಅಷ್ಟರಲ್ಲಿ ಅವರಿರಲಿಲ್ಲ. ಬನಿಯನ್ ಕತೆ ಅವರಿಗೆ ಗೊತ್ತಿತ್ತು, ಬ್ಲೇಡ್ ಕತೆ ಗೊತ್ತಾಗಿದ್ದರೆ ಇನ್ನೊಂದು ಬೀಡಿ ಹಚ್ಚದೆ ಉಳಿಯುತ್ತಿತ್ತು.

1999ರ ಮೇ 23. ಕಾನ್ಸಸ್ ಸಿಟಿ. ಬ್ರೆಟ್ ಹಾರ್ಟ್‌ನ ತಮ್ಮ ಓವನ್ ಹಾರ್ಟ್‌ನನ್ನು ಚಾವಣಿಯಿಂದ ಹಗ್ಗದಲ್ಲಿ ರಿಂಗಿಗೆ ಇಳಿಸುವ ಗಿಮಿಕ್. ಕೊಂಡಿ ಬಿಚ್ಚಿಕೊಂಡಿತು. 78 ಅಡಿ ಮೇಲಿಂದ ಬಿದ್ದ. ಸೇರಿದ ಜನಕ್ಕೆ ಮೊದಲು ಇದೂ ಆಟದ ಭಾಗವೋ ಏನೋ ಅಂತ ಅರ್ಥವಾಗಲಿಲ್ಲ. ಕಾಮೆಂಟೇಟರ್ ಜಿಮ್ ರಾಸ್ ಟಿವಿಯಲ್ಲಿ, ಇದು ಆಟದ ಭಾಗ ಅಲ್ಲ ಅಂತ ಹೇಳಬೇಕಾಯಿತು. ಆಮೇಲೆ ಕಂಪನಿ ಅದೇ ರಿಂಗಿನಲ್ಲಿ ಉಳಿದ ಪಂದ್ಯಗಳನ್ನು ಮುಂದುವರಿಸಿತು. ಓವನ್‌ಗೆ ಸಾಯುವಾಗ 34 ವರ್ಷ.

ನಮ್ಮೂರ ಕಡೆ, ಮಂಡ್ಯ ಸೀಮೆಯಲ್ಲಿ, ಹಬ್ಬಕ್ಕೆ ಕುರುಕ್ಷೇತ್ರ ನಾಟಕ ಆಡುತ್ತಾರೆ. ರಾತ್ರಿ ಹತ್ತಕ್ಕೆ ಶುರುವಾದರೆ ಬೆಳಗಿನ ಹೊತ್ತಿಗೆ ಗದಾಯುದ್ಧ. ದುರ್ಯೋಧನ ಸಾಯುತ್ತಾನೆ ಅಂತ ಕೂಸಿಗೂ ಗೊತ್ತು. ಹಾಗಂತ ಯಾರಾದರೂ ಎದ್ದು ನಿಂತು 'ಇದು ನಕಲಿ' ಅಂದರೆ ಅವನಿಗೆ ಮಂಪರು ಅಂತ ಹೇಳಿ ಮನೆಗೆ ಕಳಿಸುತ್ತಾರೆ. ಇನ್ನೊಂದು ವಿಷಯ ಪೇಟೆಯವರಿಗೆ ಗೊತ್ತಿರಲಿಕ್ಕಿಲ್ಲ. ಅಲ್ಲಿ ಪಾತ್ರ ಮಾಡುವವರೇ ದುಡ್ಡು ಕೊಟ್ಟು ಪಾತ್ರ ತಗೊಳ್ಳುತ್ತಾರೆ. ಜಾಸ್ತಿ ರೇಟು ಯಾವುದಕ್ಕೆ ಗೊತ್ತಾ? ನಮ್ಮೂರಲ್ಲಿ ದುರ್ಯೋಧನನಿಗೆ. ಗೆಲ್ಲುವ ಭೀಮ ಅವನಿಗಿಂತ ಅಗ್ಗ. ಬೀಳುವವನು ಸರಿಯಾಗಿ ಬೀಳದಿದ್ದರೆ ನಾಟಕವೇ ಬಿತ್ತು ಅಂತ ಊರಿನವರಿಗೆ ಗೊತ್ತು. ರೆಸ್ಲಿಂಗ್‌ನವರಿಗೂ ಗೊತ್ತು. ಏಟನ್ನು ಜನ ನಂಬುವ ಹಾಗೆ ತಿನ್ನುವುದಕ್ಕೆ ಅವರ ಭಾಷೆಯಲ್ಲಿ ಸೆಲ್ಲಿಂಗ್ ಅಂತಾರೆ. ಸೋಲುವುದನ್ನೇ ಕೆಲಸ ಮಾಡಿಕೊಂಡವನು ಜಾಬರ್. ಒಳಗುಟ್ಟು ಬಿಟ್ಟುಕೊಡದೆ ಇರುವ ಕಟ್ಟುಪಾಡಿಗೆ ಕೇಫೇಬ್.

ಈ ಕೇಫೇಬ್ ಎಷ್ಟು ಗಟ್ಟಿ ಅಂದರೆ, ಐರನ್ ಶೇಕ್ ಮತ್ತು ಹ್ಯಾಕ್‌ಸಾ ಜಿಮ್ ಡಗನ್ ರಿಂಗಿನಲ್ಲಿ ಬದ್ಧವೈರಿಗಳು. ಒಬ್ಬ ಇರಾನಿನ ಬಾವುಟ ಹಿಡಿದು ಬರುವವನು, ಇನ್ನೊಬ್ಬ ಅಮೆರಿಕದ್ದು. 1987ರಲ್ಲಿ ಇಬ್ಬರೂ ಒಂದೇ ಕಾರಿನಲ್ಲಿ ಹೋಗುತ್ತಾ ನ್ಯೂಜೆರ್ಸಿ ಪೊಲೀಸರ ಕೈಗೆ ಸಿಕ್ಕಿಬಿದ್ದರು. ಕಾರಿನಲ್ಲಿ ಮಾದಕ ವಸ್ತು ಬೇರೆ. ಜನಕ್ಕೆ ಅದಕ್ಕಿಂತ ದೊಡ್ಡ ಆಘಾತ, ಇವರಿಬ್ಬರೂ ಜೊತೆಗೆ ಪ್ರಯಾಣ ಮಾಡುತ್ತಾರಾ ಅನ್ನುವುದು! ನಮ್ಮೂರಲ್ಲಿ ಭೀಮ ದುರ್ಯೋಧನ ಇಬ್ಬರೂ ಬಣ್ಣ ಒರೆಸದೆ ಒಂದೇ ಬೆಂಚಿನ ಮೇಲೆ ಕೂತು ಟೀ ಕುಡಿಯುವುದನ್ನು ನೋಡಿ ಬೆಳೆದ ನನಗೆ ಇದನ್ನು ಓದಿ ನಗು ತಡೆಯಲಾಗಲಿಲ್ಲ. ಅಂದ ಹಾಗೆ ಈ ಐರನ್ ಶೇಕ್ ಅಸಲಿ ಕುಸ್ತಿಪಟು. 1972ರ ಅಮೆರಿಕದ ಒಲಿಂಪಿಕ್ ಕುಸ್ತಿ ತಂಡಕ್ಕೆ ಸಹಾಯಕ ಕೋಚ್ ಆಗಿದ್ದವನು. 1984ರ ಜನವರಿ 23ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಹೋಗನ್ ಮೊದಲ ಸಲ ಆ ಬೆಲ್ಟ್ ಗೆದ್ದದ್ದು ಇವನನ್ನು ಕೆಡವಿಯೇ. ನಿಜವಾದ ಕುಸ್ತಿ ಆಗಿದ್ದರೆ ಹೋಗನ್ ಎರಡು ನಿಮಿಷ ನಿಲ್ಲುತ್ತಿರಲಿಲ್ಲ ಅಂತ ನನ್ನ ಅಂದಾಜು. ಶೇಕ್ 2023ರಲ್ಲಿ ಹೋದ. ನೀವು ಆರು ಸಾಲೂ ಹಾಕಲಿಲ್ಲ.

ನಮ್ಮ ದಾರಾ ಸಿಂಗ್ ವಿಷಯ ತೆಗೆದುಕೊಳ್ಳಿ. 2012ರ ಜುಲೈ 12ರಂದು ಮುಂಬೈಯಲ್ಲಿ ತೀರಿಕೊಂಡಾಗ 83 ವರ್ಷ. ಅವರೂ ಮಾಡಿದ್ದು ಇದೇ ವೃತ್ತಿಪರ ರೆಸ್ಲಿಂಗ್. 1968ರಲ್ಲಿ ಮುಂಬೈಯಲ್ಲಿ ಅಮೆರಿಕದ ಲೂ ಥೆಸ್ಝ್‌ನನ್ನು ಸೋಲಿಸಿ ವಿಶ್ವ ಚಾಂಪಿಯನ್ ಅನ್ನಿಸಿಕೊಂಡರು. ಅವರ ಸಾವಿನ ಸುದ್ದಿಯಲ್ಲಿ ಯಾರೂ 'ನಕಲಿ' ಅಂತ ಬರೆದ ನೆನಪು ನನಗಿಲ್ಲ. ಬರೆಯಲೂಬಾರದು, ಹನುಮಂತನ ಪಾತ್ರ ಮಾಡಿದವರು ಅನ್ನುವುದಕ್ಕಾದರೂ. ನಮ್ಮಪ್ಪನ ತಲೆಮಾರಿಗೆ ದಾರಾ ಸಿಂಗ್ ಹೆಸರು ಹೇಳಿದ ತಕ್ಷಣ ಜೊತೆಗೆ ಬರುವ ಹೆಸರು ಕಿಂಗ್ ಕಾಂಗ್. ಎಮಿಲ್ ಸಾಯಾ ಅಂತ, ಯುರೋಪಿನಿಂದ ಬಂದ ಭಾರಿ ಆಸಾಮಿ, ಹತ್ತಿರ ಹತ್ತಿರ 200 ಕಿಲೋ. ಊರೂರಿಗೆ ಬಂದು ದಾರಾ ಸಿಂಗ್ ಕೈಯಲ್ಲಿ ಒದೆ ತಿಂದು ಹೋಗುತ್ತಿದ್ದ. 1970ರಲ್ಲಿ ಸಿಂಗಾಪುರದಲ್ಲಿ, ಕಾರು ಅಪಘಾತದಲ್ಲಿ ಗಾಯಗೊಂಡು ಸತ್ತ. ಅಪ್ಪನಿಗೆ ಕಿಂಗ್ ಕಾಂಗ್ ಹೆಸರು ಇನ್ನೂ ನೆನಪಿದೆ. ನಿನ್ನೆ ರಾತ್ರಿ ಏನು ಊಟ ಮಾಡಿದೆ ಅಂದರೆ ನೆನಪಿಲ್ಲ.

ಇನ್ನು ಹೋಗನ್ ಎಂಥ ಮನುಷ್ಯ ಅನ್ನುವುದು. ಗೆಳೆಯರ ಗುಂಪಿನಲ್ಲಿ ಅವತ್ತು ರಾತ್ರಿ ಯಾರೋ 'ದೇವರಂಥವನು' ಅಂತ ಬರೆದ. ಅಷ್ಟು ಬೇಡಪ್ಪ. ದೊಡ್ಡ ಸುಳ್ಳುಬುರುಕ. ವರ್ಷಕ್ಕೆ 400 ದಿನ ಕುಸ್ತಿ ಆಡುತ್ತಿದ್ದೆ, ಜಪಾನಿಗೆ ಹೋಗಿ ಬರುವಾಗ ದಿನ ಜಾಸ್ತಿ ಸಿಗುತ್ತಿತ್ತು ಅಂತ ಹೇಳಿದ ಆಸಾಮಿ! ಇಂಥ ಸುಳ್ಳಿಗೆ ನಕ್ಕು ಬಿಡಬಹುದು. ಇನ್ನೊಂದಕ್ಕೆ ನಗು ಬರುವುದಿಲ್ಲ. 1986ರಲ್ಲಿ ಜೆಸ್ಸಿ ವೆಂಚುರಾ, ಮುಂದೆ ಮಿನೆಸೋಟ ರಾಜ್ಯದ ಗವರ್ನರ್ ಆದನಲ್ಲ ಅವನು, ಕುಸ್ತಿಯವರಿಗೆ ಒಂದು ಸಂಘ ಕಟ್ಟೋಣ ಅಂತ ಡ್ರೆಸ್ಸಿಂಗ್ ರೂಮಿನಲ್ಲಿ ಮಾತು ಎತ್ತಿದ. ಯಾರೋ ಮಾಲೀಕ ವಿನ್ಸ್ ಮ್ಯಾಕ್‌ಮಹನ್ ಕಿವಿಗೆ ಹಾಕಿದರು. ಯಾರು ಅಂತ ವರ್ಷಗಟ್ಟಲೆ ವೆಂಚುರಾಗೆ ತಿಳಿಯಲಿಲ್ಲ. ಆಮೇಲೆ ರಾಯಲ್ಟಿ ವಿಷಯಕ್ಕೆ ಅವನು ಹಾಕಿದ ಕೇಸಿನಲ್ಲಿ ಮ್ಯಾಕ್‌ಮಹನ್ ಪ್ರಮಾಣ ಮಾಡಿ ಬಾಯಿಬಿಟ್ಟ: ಹೇಳಿದ್ದು ಹೋಗನ್. ಅತಿ ಹೆಚ್ಚು ದುಡಿಯುತ್ತಿದ್ದವನು, ಸಂಘ ಬೇಕಿಲ್ಲದವನು.

ಸಂಘ ಬರಲೇ ಇಲ್ಲ. ಇವತ್ತಿಗೂ ಅವರೆಲ್ಲ ಸ್ವತಂತ್ರ ಗುತ್ತಿಗೆದಾರರು ಅನ್ನುವ ಲೆಕ್ಕ. ಗುತ್ತಿಗೆ ನೌಕರ ಅಂದರೇನು ಅಂತ ನಮ್ಮ ರಾಜ್ಯದವರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ನಮ್ಮ ಟ್ರಂಪ್ ಕಾರ್ಡುಗಳನ್ನು ಈಗ ಹರಡಿಕೊಂಡು ಕೂತರೆ ಸಾಲುಸಾಲು ಖಾಲಿ. ತೂಕದಲ್ಲಿ ಯಾರಿಗೂ ಬಗ್ಗದ ಯೋಕೊಜುನಾ ಸತ್ತದ್ದು 34ನೇ ವಯಸ್ಸಿಗೆ, ಲಿವರ್‌ಪೂಲಿನ ಹೋಟೆಲಿನಲ್ಲಿ. ಜಪಾನಿನವನು ಅಂತ ನಂಬಿದ್ದೆವು, ಸಮೋವಾ ಮೂಲದ ಅಮೆರಿಕದವನು. ಬ್ರಿಟಿಷ್ ಬುಲ್‌ಡಾಗ್ 39. ರಿಕ್ ರೂಡ್ 40. ಬಿಗ್ ಬಾಸ್ ಮ್ಯಾನ್ 41. ಅರ್ತ್‌ಕ್ವೇಕ್ 42. ಮಿಸ್ಟರ್ ಪರ್ಫೆಕ್ಟ್ 44. ಎತ್ತರದಲ್ಲಿ ಯಾರಿಗೂ ಸಿಗದ ಗೊಂಜಾಲೆಸ್ಸೂ 44ಕ್ಕೇ. ಹೊಟ್ಟೆಯ ಮೇಲೆ ಚಂದ್ರ ಬರೆದುಕೊಂಡು ಬರುತ್ತಿದ್ದ 'ಉಗಾಂಡದ' ಕಮಾಲಾ ನಿಜವಾಗಿ ಮಿಸಿಸಿಪ್ಪಿಯ ಬಡವರ ಮನೆಯ ಹುಡುಗ. ಸಕ್ಕರೆ ಕಾಯಿಲೆಗೆ ಎರಡೂ ಕಾಲು ಕಳೆದುಕೊಂಡು 2020ರಲ್ಲಿ ಸತ್ತ. ಅವನು ಗೆದ್ದದ್ದು ಕಡಿಮೆ. ದೊಡ್ಡವರಿಗಾಗಿ ಬೀಳುವುದೇ ಅವನ ಕೆಲಸ.

ಅಮೆರಿಕದ ಗೆಳೆಯ ಹೇಳಿದ ಆ ಮಾತೇ ಆಡದ ಅರ್ಧ ಜನ. 2015ರಲ್ಲಿ ಒಂದು ಟೇಪು ಹೊರಬಂತು. ಕಪ್ಪು ಜನರ ಬಗ್ಗೆ ಹೋಗನ್ ಆಡಿದ ಹೊಲಸು ಮಾತು ಅದರಲ್ಲಿತ್ತು. ಕಂಪನಿ ಅವನ ಹೆಸರನ್ನೇ ಅಳಿಸಿಹಾಕಿತು, 2018ರಲ್ಲಿ ಮತ್ತೆ ಸೇರಿಸಿಕೊಂಡಿತು. ಕ್ಷಮೆ ಕೇಳಿದ, ಎಲ್ಲರೂ ಒಪ್ಪಲಿಲ್ಲ. 2025ರ ಜನವರಿ 6ರಂದು ಲಾಸ್ ಏಂಜಲೀಸ್ ಹತ್ತಿರ ಬಾವುಟ ಹಿಡಿದು ರಿಂಗಿಗೆ ಬಂದಾಗ ಸೇರಿದ ಜನ ಒಂದೇ ಸಮ ಛೀಮಾರಿ ಹಾಕಿದರು. ಅವನು ಕಿವಿಗೆ ಕೈ ಇಟ್ಟು ಕೇಳಿಸಿಕೊಳ್ಳುವ ಭಂಗಿ ಮಾಡುತ್ತಿದ್ದನಲ್ಲ, ಅದೇ ಕಿವಿಗೆ. ವಿಡಿಯೋ ನೋಡಿದೆ. ಪಾಪ ಅನ್ನಿಸಿತು, ಸರಿಯಾಯ್ತು ಅಂತಲೂ ಅನ್ನಿಸಿತು. ಎರಡೂ ಒಟ್ಟಿಗೆ ಅನ್ನಿಸಬಾರದು ಅಂತ ಕಾನೂನಿಲ್ಲವಲ್ಲ.

ಇದನ್ನೆಲ್ಲ ಬಚ್ಚಿಡದೆ ಬರೆಯಿರಿ. ಟೇಪಿನ ವಿಷಯ ಹಾಕಿ, ಸಂಘದ ವಿಷಯ ಹಾಕಿ, ಸ್ಟೆರಾಯ್ಡ್ ತಗೊಂಡಿದ್ದೆ ಅಂತ 1994ರಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡದ್ದನ್ನೂ ಹಾಕಿ. ನನಗೆ ಬೇಜಾರಿಲ್ಲ. 'ನಕಲಿ' ಒಂದು ತೆಗೆಯಿರಿ. 'ವೃತ್ತಿಪರ ಕುಸ್ತಿ' ಅಂದರೆ ಸಾಕು, ಅಕ್ಷರ ಒಂದು ಜಾಸ್ತಿ ಆಗುತ್ತದೆ ಅಷ್ಟೆ.

ಕೊನೆಗೆ ಒಂದು ತಿದ್ದುಪಡಿ. ನೀವು ಹಾಕಿರುವ ಫೋಟೋ 1987ರ ಆ ಪಂದ್ಯದ್ದೇ, ನನಗೆ ನಿದ್ದೆಯಲ್ಲೂ ಗೊತ್ತಾಗುತ್ತದೆ. ಕೆಳಗೆ 'ಎದುರಾಳಿಯನ್ನು ಎತ್ತಿದ ಹೋಗನ್' ಅಂತಷ್ಟೇ ಇದೆ. ಎದುರಾಳಿಯ ತಲೆಯನ್ನು ಪುಟದ ಅಳತೆಗೆ ಕತ್ತರಿಸಿಬಿಟ್ಟಿದ್ದೀರಿ, ಬೆನ್ನು ಮಾತ್ರ ಕಾಣುತ್ತದೆ. ಆ ಬೆನ್ನಿನವನ ಹೆಸರು ಆಂಡ್ರೆ ರೂಸಿಮೋಫ್.

ಇಂತಿ,
ನಿಮ್ಮ ಹಳೇ ಓದುಗ, ಮೈಸೂರು